‘ಇರಲಿ’ ಎಂಬ ಮಾತಿನ ಭಾರ

ಡಿಸೆಂಬರಿನಲ್ಲಿ ಡ್ಯಾನ್ಯೂಬ್ ನದಿಯ ಮೇಲೆ ಹಡಗಿನಲ್ಲಿ ಹೋಗಿಬರಲು ದುಡ್ಡು ಕಟ್ಟಿದವರ ಮನೆಗೆ ನವೆಂಬರಿನ ಕೊನೆಯಲ್ಲಿ ಹೋಗಿ ನೋಡಿ. ನಡುಮನೆಯಲ್ಲಿ ಎರಡು ದೊಡ್ಡ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿರುತ್ತವೆ. ದಿವಾನದ ಮೇಲೆ ಸ್ವೆಟರುಗಳ ರಾಶಿ, ಕುರ್ಚಿಯ ಬೆನ್ನಿಗೆ ಎರಡು ದಪ್ಪ ಜಾಕೆಟ್ಟು, ನೆಲದ ಮೇಲೆ ಇನ್ನೂ ಬೆಲೆಚೀಟಿ ಕೀಳದ ಥರ್ಮಲ್ ಜೊತೆಗಳು. ಒಬ್ಬರು ಒಂದೊಂದನ್ನೇ ಎತ್ತಿ ಹಿಡಿದು ‘ಇದು ಬೇಕಾ?’ ಎಂದು ಕೇಳುತ್ತಾರೆ. ಇನ್ನೊಬ್ಬರು ‘ಇರಲಿ’ ಅನ್ನುತ್ತಾರೆ. ‘ಇದು?’ ‘ಅದೂ ಇರಲಿ, ಅಲ್ಲಿ ಚಳಿ ಹೇಗಿರತ್ತೋ.’ ಹೀಗೆ ರಾತ್ರಿ ಹನ್ನೊಂದರವರೆಗೆ. ಕೊನೆಗೆ ತೂಕ ನೋಡಿದರೆ ಒಂದೊಂದೂ ಇಪ್ಪತ್ತೆರಡೂವರೆ ಕಿಲೋ. ವಿಮಾನದವರು ಇಪ್ಪತ್ತಮೂರು ಬಿಡುತ್ತಾರೆ, ಇನ್ನೂ ಅರ್ಧ ಕಿಲೋಗೆ ಜಾಗವಿದೆ ಎಂದು ಮೂಲೆಯಲ್ಲಿ ಒಂದು ಪೊಟ್ಟಣ ಕೋಡುಬಳೆ ತುರುಕುತ್ತಾರೆ.

ಇದರ ಹಿಂದಿರುವುದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ಒಂದು ಮಾತು. ಟಿಕೆಟ್ ಮಾಡಿಸಿಕೊಟ್ಟವರು ಹೇಳುತ್ತಾರೆ, ಹೋಗಿಬಂದ ಬೀಗರು ಹೇಳುತ್ತಾರೆ, ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ: ಯೂರೋಪಿನ ಚಳಿಗೆ ಎಷ್ಟು ಒಯ್ದರೂ ಕಡಿಮೆಯೇ, ಹೇಗೂ ನದಿಯ ಹಡಗು, ಒಮ್ಮೆ ಹತ್ತಿ ಬಟ್ಟೆ ಜೋಡಿಸಿಕೊಂಡರೆ ಇಳಿಯುವ ದಿನದವರೆಗೆ ಪೆಟ್ಟಿಗೆ ಮುಟ್ಟುವ ಕೆಲಸವಿಲ್ಲ, ಭಾರವಾದರೇನು? ಈ ಮಾತು ಚಳಿಯ ವಿಷಯದಲ್ಲೂ ತಪ್ಪು, ನದಿಯ ವಿಷಯದಲ್ಲೂ ತಪ್ಪು. ಈ ತಪ್ಪಿನ ದಂಡ ತೆರುವವರು ಹೆಚ್ಚಾಗಿ ಅರವತ್ತು ದಾಟಿದವರು, ಜೀವಮಾನದಲ್ಲಿ ಒಮ್ಮೆ ನೋಡಿಬಿಡೋಣ ಎಂದು ಹೊರಟವರು. ನನ್ನ ಅಮ್ಮ ಆ ದಂಡ ತೆತ್ತದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಬರೆಯುತ್ತಿದ್ದೇನೆ.

ಮೊದಲು ನದಿಯ ಮಾತು. ಹಡಗು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸಮುದ್ರದ ಹಡಗು, ಹತ್ತು ಹನ್ನೆರಡು ಅಂತಸ್ತಿನ ತೇಲುವ ಊರು. ನದಿಯ ಹಡಗು ಬೇರೆಯೇ ಜಾತಿ. ಉದ್ದ ಹೆಚ್ಚೆಂದರೆ 135 ಮೀಟರ್, ಅಗಲ ಹನ್ನೊಂದೂವರೆ ಮೀಟರಿಗೂ ಸ್ವಲ್ಪ ಕಡಿಮೆ. ಅಷ್ಟೇ ಯಾಕೆಂದರೆ ದಾರಿಯಲ್ಲಿ ಸಿಗುವ ಲಾಕುಗಳ ಅಗಲವೇ 12 ಮೀಟರ್. ಲಾಕ್ ಎಂದರೆ ಹಡಗಿನ ದಾರಿಯಲ್ಲಿ ಕಟ್ಟಿದ, ಎರಡೂ ತುದಿಗೆ ಬಾಗಿಲಿರುವ ದೊಡ್ಡ ತೊಟ್ಟಿ. ಹಡಗನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿ, ನೀರು ತುಂಬಿಸಿಯೋ ಬಸಿದೋ ಮೇಲಿನ ಅಥವಾ ಕೆಳಗಿನ ಮಟ್ಟಕ್ಕೆ ತರುತ್ತಾರೆ. 1992ರಲ್ಲಿ ಮುಗಿದ ರೈನ್–ಮೈನ್–ಡ್ಯಾನ್ಯೂಬ್ ಕಾಲುವೆ 171 ಕಿಲೋಮೀಟರ್ ಉದ್ದವಿದೆ. ಅದರಲ್ಲಿ ಇಂಥ 16 ಲಾಕುಗಳು. ಸಮುದ್ರಮಟ್ಟದಿಂದ 406 ಮೀಟರ್ ಎತ್ತರದ ದಿಬ್ಬದ ಮೇಲೆ ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ ಆಚೆ ಇಳಿಸುತ್ತಾರೆ. ಕಿಟಕಿ ತೆರೆದರೆ ಲಾಕಿನ ಒದ್ದೆ ಕಾಂಕ್ರೀಟ್ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಇಂಥ ಕಿರಿದಾದ ಹಡಗಿನಲ್ಲಿ ಇಬ್ಬರಿಗೆ ಸಿಗುವ ಕ್ಯಾಬಿನ್ ಎಷ್ಟಿದ್ದೀತು? ಸಾಮಾನ್ಯವಾಗಿ ಹದಿನಾಲ್ಕು ಹದಿನೈದು ಚದರ ಮೀಟರ್, ಸ್ನಾನದ ಮನೆಯೂ ಸೇರಿ. ಖಾಲಿ ಪೆಟ್ಟಿಗೆ ಇಡಲು ಜಾಗ ಮಂಚದ ಕೆಳಗೆ ಮಾತ್ರ. ನಾಲ್ಕು ದೊಡ್ಡ ಸೂಟ್‌ಕೇಸುಗಳೊಂದಿಗೆ ಅಲ್ಲಿ ಒಂದು ವಾರ ಕಳೆಯುವವರು ಕ್ಯಾಬಿನ್ನಿನೊಳಗೆ ಅಡ್ಡಡ್ಡ ಸರಿದೇ ಓಡಾಡಬೇಕು.

ಇಕ್ಕಟ್ಟು ಹೇಗೋ ಸಹಿಸಬಹುದು. ‘ಒಮ್ಮೆ ಜೋಡಿಸಿಕೊಂಡರೆ ಮುಗಿಯಿತು’ ಎಂಬ ಮಾತನ್ನು ಉಳಿಸಿಕೊಡುವುದು ಯಾರ ಕೈಲೂ ಇಲ್ಲ ಎಂಬುದು ದೊಡ್ಡ ವಿಷಯ. ಅದು ನದಿಯ ನೀರಿನ ಮಟ್ಟದ ಮೇಲೆ ನಿಂತಿದೆ. ಮಳೆ ಹೆಚ್ಚಾಗಿ ನೀರು ಏರಿದರೆ ಹಡಗು ಸೇತುವೆಗಳ ಕೆಳಗೆ ತೂರುವುದಿಲ್ಲ. ಮಳೆಯಿಲ್ಲದೆ ನೀರು ಇಳಿದರೆ ತಳ ನೆಲಕ್ಕೆ ತಾಗುತ್ತದೆ. 2018ರ ಅಕ್ಟೋಬರಿನಲ್ಲಿ ರೈನ್ ನದಿಯ ಕೌಬ್ ಎಂಬಲ್ಲಿ ನೀರಿನ ಅಳತೆಗೋಲು 25 ಸೆಂಟಿಮೀಟರಿಗೆ ಇಳಿದಿತ್ತು. ಡ್ಯಾನ್ಯೂಬ್ ನದಿಯಲ್ಲಿ ಬವೇರಿಯಾದ ಸ್ಟ್ರಾಬಿಂಗ್‌ನಿಂದ ಫಿಲ್ಸ್‌ಹೋಫೆನ್‌ವರೆಗೆ ಸುಮಾರು 70 ಕಿಲೋಮೀಟರ್ ಅಣೆಕಟ್ಟೇ ಇಲ್ಲ, ನೀರನ್ನು ಹಿಡಿದು ಮಟ್ಟ ಕಾಯುವ ಏರ್ಪಾಡಿಲ್ಲ. ನೀರು ಹೆಚ್ಚಾದರೂ ಕಡಿಮೆಯಾದರೂ ಹಡಗುಗಳು ಮೊದಲು ಸಿಕ್ಕಿಕೊಳ್ಳುವುದು ಇಲ್ಲೇ. ಆಗ ಕಂಪನಿಗಳು ಹೆಚ್ಚಾಗಿ ಮಾಡುವುದು ಇದು: ಅಡಚಣೆಯ ಆಚೆ ಬದಿಯಲ್ಲಿ ಅದೇ ಅಚ್ಚಿನ ಇನ್ನೊಂದು ಹಡಗು ನಿಂತಿರುತ್ತದೆ, ಈ ಹಡಗಿನವರನ್ನು ಬಸ್ಸಿನಲ್ಲಿ ಅಲ್ಲಿಗೆ, ಆ ಹಡಗಿನವರನ್ನು ಇಲ್ಲಿಗೆ ಸಾಗಿಸುತ್ತಾರೆ. ಕ್ಯಾಬಿನ್ನಿನ ನಂಬರು ಕೂಡ ಅದೇ ಇರುತ್ತದೆ. ಗಂಟುಮೂಟೆ ಮಾತ್ರ ನೀವು ಪೂರ್ತಿ ಕಟ್ಟಬೇಕು, ಪೂರ್ತಿ ಬಿಚ್ಚಬೇಕು.

ನಮಗೆ ಇದು ಆದದ್ದು ಪಾಸೌನಲ್ಲಿ. ಬುಡಾಪೆಸ್ಟ್‌ನಲ್ಲಿ ಹತ್ತಿ, ವಿಯೆನ್ನಾ, ಮೆಲ್ಕ್ ನೋಡಿಕೊಂಡು ನ್ಯೂರೆಂಬರ್ಗ್ ಕಡೆಗೆ ಹೊರಟಿದ್ದೆವು. ಪಾಸೌ ಮೂರು ನದಿಗಳು ಕೂಡುವ ಊರು. ದಕ್ಷಿಣದಿಂದ ಆಲ್ಪ್ಸ್‌ನ ನೀರು ಹೊತ್ತ ಇನ್ ನದಿ, ಉತ್ತರದಿಂದ ಜೌಗುನೆಲದ ಕಪ್ಪು ನೀರಿನ ಇಲ್ಜ್, ನಡುವೆ ಡ್ಯಾನ್ಯೂಬ್. ಊರಿನ ತುದಿಯಲ್ಲಿ ಒಂದು ಮೂಲೆಯಿದೆ, ಅಲ್ಲಿ ನಿಂತರೆ ಮೂರೂ ಬಣ್ಣ ಒಂದಕ್ಕೊಂದು ತಾಗುವುದು ಕಾಣುತ್ತದೆ. ಇಡೀ ಪ್ರವಾಸದಲ್ಲಿ ಅಮ್ಮ ಕಾದಿದ್ದದ್ದು ಆ ಜಾಗಕ್ಕೆ. ಅವಳು ಭಾಗಮಂಡಲದಲ್ಲಿ ಮಿಂದವಳು, ತಿರುಮಕೂಡಲಿನಲ್ಲಿ ಮಿಂದವಳು. ಪಾಸೌನಲ್ಲಿ ಮೀಯಲು ಆಗದಿದ್ದರೂ ನಿಂತು ಕೈಮುಗಿದು ಬರುತ್ತೇನೆ ಅನ್ನುತ್ತಿದ್ದಳು. ಹಡಗು ಸಂಜೆ ಕತ್ತಲಾದ ಮೇಲೆ ದಡಕ್ಕೆ ಬಂತು. ಮರುದಿನ ಬೆಳಿಗ್ಗೆ ಊರು ನೋಡುವುದೆಂದು ಇತ್ತು.

ರಾತ್ರಿ ಊಟದ ಹೊತ್ತಿಗೆ ಹೇಳಿದರು: ನೀರು ಏರಿದೆ, ಮುಂದಿನ ಸೇತುವೆ ದಾಟಲಾಗದು. ನಾಳೆ ಬೆಳಿಗ್ಗೆ ಹತ್ತಕ್ಕೆ ಬಸ್ಸು, ರೆಗೆನ್ಸ್‌ಬರ್ಗ್‌ನಲ್ಲಿ ಬೇರೆ ಹಡಗು, ಪೆಟ್ಟಿಗೆಗಳು ಒಂಬತ್ತಕ್ಕೆ ಬಾಗಿಲ ಹೊರಗೆ ಇರಬೇಕು. ಊರು ನೋಡುವವರು ಅದಕ್ಕೆ ಮುಂಚೆ ನೋಡಿಕೊಂಡು ಬರಬಹುದು. ಪಕ್ಕದ ಕ್ಯಾಬಿನ್ನಿನಲ್ಲಿ ಎಂಬತ್ತರ ಆಸುಪಾಸಿನ ದಂಪತಿ ಇದ್ದರು. ಇಬ್ಬರಿಗೂ ಸೇರಿ ಒಂದು ನಡುಗಾತ್ರದ ಪೆಟ್ಟಿಗೆ, ಒಂದು ಬೆನ್ನಚೀಲ. ರಾತ್ರಿಯೇ ಕಟ್ಟಿಟ್ಟು ಮಲಗಿದರು. ನಾವು ರಾತ್ರಿ ಹನ್ನೆರಡರವರೆಗೆ ತುಂಬಿದೆವು, ಬೆಳಿಗ್ಗೆ ಆರಕ್ಕೆ ಎದ್ದು ಮತ್ತೆ ತುಂಬಿದೆವು. ಮೈಸೂರಿನಲ್ಲಿ ವಾರಗಟ್ಟಲೆ ಮಡಿಸಿ ಒತ್ತಿ ಕೂಡಿಸಿದ್ದು ಈಗ ಕೂಡುತ್ತಿರಲಿಲ್ಲ. ಒಮ್ಮೆ ಬಿಚ್ಚಿದ ದಪ್ಪ ಜಾಕೆಟ್ಟು ಮತ್ತೆ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. ಎಪ್ಪತ್ತೆರಡರ ಅಮ್ಮ ಸೂಟ್‌ಕೇಸಿನ ಮುಚ್ಚಳದ ಮೇಲೆ ಕೂತು ಒತ್ತಿದಳು, ನಾನು ಜಿಪ್ ಎಳೆದೆ. ಮೂಲೆ ತಿರುಗುವಲ್ಲಿ ಜಿಪ್ಪಿನ ಹಲ್ಲುಗಳು ಬಿಟ್ಟುಕೊಂಡವು. ಅಮ್ಮ ಒಂದು ಲಂಗದ ಲಾಡಿ ಎಳೆದು ತೆಗೆದು ಕೊಟ್ಟಳು. ಅದರಿಂದ ಪೆಟ್ಟಿಗೆಯನ್ನು ಸುತ್ತಿ ಬಿಗಿಯುವಾಗ ಗಂಟೆ ಒಂಬತ್ತೂಕಾಲು.

ಪಕ್ಕದ ಕ್ಯಾಬಿನ್ನಿನ ಅಜ್ಜಿ ಅಷ್ಟರಲ್ಲಿ ಹೋಗಿ ಬಂದಿದ್ದರು. ಫೋನಿನಲ್ಲಿ ಚಿತ್ರ ತೋರಿಸಿದರು: ಮಂಜು, ಒದ್ದೆ ಕಲ್ಲಿನ ಕಟಾಂಜನ, ಅದರಾಚೆ ಮಸಿಯಂಥ ಒಂದು ನೀರು ಮಣ್ಣುಬಣ್ಣದ ಇನ್ನೊಂದು ನೀರಿನ ಪಕ್ಕದಲ್ಲಿ ಸ್ವಲ್ಪ ದೂರ ಬೇರೆಯಾಗಿಯೇ ಹರಿಯುತ್ತಿತ್ತು. ಅಮ್ಮ ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ‘ಚೆನ್ನಾಗಿದೆ’ ಅಂದಳು. ವಾಪಸು ಕೊಟ್ಟಳು. ಬಸ್ಸಿನಲ್ಲಿ ಒಂದೂವರೆ ಗಂಟೆ ಅವಳು ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಹಾಕದೆ ತಂದ ಬಟ್ಟೆಗಳನ್ನು ಮಂಚದ ಮೇಲೆ ಬೇರೆ ಇಟ್ಟು ಎಣಿಸಿದೆ. ಹನ್ನೊಂದು ಬೆಚ್ಚನೆಯ ಮೇಲುಡುಪುಗಳಲ್ಲಿ ಏಳನ್ನು ಮಡಿಕೆ ಕೂಡ ಬಿಚ್ಚಿರಲಿಲ್ಲ. ಆ ಏಳಕ್ಕಾಗಿ ಅಮ್ಮ ಸಂಗಮ ಬಿಟ್ಟುಬಂದಿದ್ದಳು.

ಇನ್ನು ಚಳಿ. ಹೆಚ್ಚು ಹೊತ್ತವರೆಲ್ಲ ಅಡಗಿಕೊಳ್ಳುವುದು ಈ ಒಂದು ಪದದ ಹಿಂದೆ. ಡಿಸೆಂಬರಿನಲ್ಲಿ ವಿಯೆನ್ನಾ, ಬುಡಾಪೆಸ್ಟ್‌ಗಳ ಸರಾಸರಿ ಉಷ್ಣಾಂಶ ಸೊನ್ನೆಯಿಂದ ಒಂದೆರಡು ಡಿಗ್ರಿ ಮೇಲೆ. ಕಲೋನ್ ಕಡೆ ಇನ್ನೂ ಎರಡು ಮೂರು ಹೆಚ್ಚು. ಲೇಹ್‌ನ ಚಳಿಗಾಲಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಇದಕ್ಕೆ ಇದರದೇ ಗುಣವಿದೆ. ಇದು ಒದ್ದೆ ಚಳಿ. ಹಿಮ ಬೀಳುವುದಕ್ಕಿಂತ ಜಿನುಗುಮಳೆ ಹೆಚ್ಚು, ನದಿಯ ಮೇಲೆ ಮಂಜು, ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗಿದ ಮೇಲೆ ಗಾಳಿ. ಕ್ರಿಸ್ಮಸ್ ಸಂತೆಯಲ್ಲಿ ಒಂದು ಕಡೆ ಹತ್ತು ನಿಮಿಷ ನಿಂತರೆ ಚಳಿ ಆಕಾಶದಿಂದ ಬರುವುದಿಲ್ಲ, ಪಾದದ ಕೆಳಗಿನ ಕಲ್ಲುಹಾಸಿನಿಂದ ಏರುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿ: ಅಲ್ಲಿ ಹೊರಗೆ ಎಷ್ಟು ಚಳಿಯೋ ಒಳಗೆ ಅಷ್ಟು ಬೆಚ್ಚಗೆ. ಹಡಗು, ಬಸ್ಸು, ಅಂಗಡಿ, ಕಾಫಿಮನೆ, ಎಲ್ಲ ಕಡೆ ಇಪ್ಪತ್ತು ಡಿಗ್ರಿಗೆ ಕಡಿಮೆ ಇರುವುದಿಲ್ಲ. ದಿನಕ್ಕೆ ಹತ್ತು ಸಲ ಒಳಗೆ ಹೋಗುತ್ತೀರಿ, ಹತ್ತು ಸಲ ಹೊರಗೆ ಬರುತ್ತೀರಿ.

ಈ ಹವೆಗೆ ನಮ್ಮವರು ಕೊಳ್ಳುವ ಗುಡಾಣದಂಥ ಜಾಕೆಟ್ಟಿನಷ್ಟು ಕೆಟ್ಟ ಉಡುಪು ಇನ್ನೊಂದಿಲ್ಲ. ಬಸ್ಸಿನೊಳಗೆ ಅದರಲ್ಲಿ ಬೆವರುತ್ತೀರಿ. ಬೆವರನ್ನು ಒಳಗಿನ ಹತ್ತಿ ಬನಿಯನ್ ಕುಡಿಯುತ್ತದೆ. ಇಳಿದು ಗಾಳಿಗೆ ನಿಂತ ಕೂಡಲೇ ಆ ಒದ್ದೆ ಬನಿಯನ್ ಬೆನ್ನಿಗೆ ತಣ್ಣೀರಪಟ್ಟಿಯಾಗುತ್ತದೆ. ‘ಅಯ್ಯೋ ಈ ಜಾಕೆಟ್ಟೂ ಸಾಲದು’ ಎಂದು ಅದರ ಮೇಲೆ ಇನ್ನೊಂದು ಹೊದೆಯುತ್ತಾರೆ. ಒಳಗಿನ ಒದ್ದೆಯ ತೊಂದರೆಗೆ ಹೊರಗಿನ ದಪ್ಪ ಮದ್ದಾಗುವುದು ಹೇಗೆ? ಪುಕ್ಕ ತುಂಬಿದ ಜಾಕೆಟ್ಟಾದರಂತೂ ಮಳೆಗೆ ನೆನೆದರೆ ಉಬ್ಬು ಇಳಿದು ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ವಿಯೆನ್ನಾದ ಕಲಾಸಂಗ್ರಹಾಲಯಕ್ಕೆ ಹೋದರೆ ಕೋಟನ್ನು ಬಾಗಿಲಲ್ಲೇ ಬಿಟ್ಟು ಹೋಗಬೇಕು. ಕೋಟಿನ ಅಡಿಯಲ್ಲಿ ಏನಿದೆಯೋ ಅದೇ ಆಗ ನಿಮ್ಮ ಬಟ್ಟೆ.

ಬೆಚ್ಚಗಿರುವುದು ಬಟ್ಟೆಯ ಲೆಕ್ಕದಿಂದ ಬರುವುದಿಲ್ಲ. ಯಾವ ನೂಲು ಮೈಗೆ ತಾಗಿದೆ, ಯಾವುದರ ಮೇಲೆ ಯಾವುದಿದೆ ಎಂಬುದರಿಂದ ಬರುತ್ತದೆ. ಮೈಗೆ ತಾಗುವಂತೆ ನಯವಾದ ಉಣ್ಣೆಯ ತೆಳು ಅಂಗಿ. ಅದರ ಮೇಲೆ ಒಂದು ಸ್ವೆಟರ್. ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ, ತಲೆಮುಸುಕಿರುವ, ಸ್ವಲ್ಪ ಸಡಿಲವಾದ ಉದ್ದನೆಯ ಕೋಟು. ಈ ಪದರಗಳ ನಡುವೆ ನಿಂತ ಗಾಳಿಯೇ ನಿಮ್ಮನ್ನು ಬೆಚ್ಚಗಿಡುವುದು. ಒಳಗೆ ಹೋದಾಗ ಒಂದು ಕಳಚಿ, ಹೊರಗೆ ಬಂದಾಗ ಹಾಕಿಕೊಳ್ಳಿ. ಉಣ್ಣೆಯ ಎಳೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ತೇವ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಬೆವರಿನ ವಾಸನೆ ಹಿಡಿಯುವುದು ನಿಧಾನ, ಹಾಗಾಗಿ ಒಂದನ್ನು ಎರಡು ಮೂರು ದಿನ ಹಾಕಬಹುದು.

ಇದನ್ನು ನಾವು ವಿದೇಶದವರಿಂದ ಕಲಿಯಬೇಕಾಗಿಲ್ಲ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಬೆನ್ನು ಕೊಟ್ಟು ಗದ್ದೆ ಕೆಲಸ ಮಾಡಿದವರ ತಲೆಯ ಮೇಲೆ ಇದ್ದದ್ದು ಕಂಬಳಿಕೊಪ್ಪೆ. ಚಿತ್ರದುರ್ಗದ ಕಡೆಯ ಕುರುಬರು ಕರಿಕುರಿಯ ಉಣ್ಣೆ ನೂತು, ಹುಣಿಸೆಬೀಜದ ಗಂಜಿ ಕೊಟ್ಟು ನೇಯ್ದ ಒರಟು ಕಂಬಳಿ ನೆನೆದರೂ ಒಳಗಿನವರನ್ನು ಬೆಚ್ಚಗಿಡುತ್ತಿತ್ತು. ಒಂದೇ ಕಂಬಳಿಯಲ್ಲಿ ಮಳೆಗಾಲ ಕಳೆದವರ ಮೊಮ್ಮಕ್ಕಳು ನಾವು. ನೆನೆದ ಉಣ್ಣೆ ಏನು ಮಾಡುತ್ತದೆ, ನೆನೆದ ಹತ್ತಿ ಏನು ಮಾಡುತ್ತದೆ ಎಂಬ ತಿಳಿವಳಿಕೆ ಎರಡು ತಲೆಮಾರಿನಲ್ಲಿ ಕೈಬಿಟ್ಟುಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪಟ್ಟಿಯಲ್ಲಿ ‘ಥರ್ಮಲ್ 5 ಜೊತೆ’ ಎಂದು ಬರೆದುಕೊಡುವವರು ಅದು ಯಾವ ನೂಲಿನದು ಎಂದು ಬರೆಯುವುದಿಲ್ಲ. ಹತ್ತಿಯ ಐದು ಜೊತೆಗಿಂತ ಉಣ್ಣೆಯ ಎರಡು ಜೊತೆ ಮೇಲು. ರಾತ್ರಿ ಒಂದನ್ನು ಬಚ್ಚಲಲ್ಲಿ ಜಾಲಿಸಿ, ಹಡಗಿನವರು ಕೊಡುವ ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ, ಮೇಲೆ ನಿಂತು ತುಳಿದು ನೀರು ಹಿಂಡಿ ನೇತುಹಾಕಿದರೆ ಆ ಬಿಸಿಗಾಳಿಯ ಕ್ಯಾಬಿನ್ನಿನಲ್ಲಿ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.

ದುಡ್ಡು, ತೂಕ, ಎಚ್ಚರ ಎಲ್ಲವನ್ನೂ ಸುರಿಯಬೇಕಾದ್ದು ಪಾದಕ್ಕೆ. ನೀರು ಇಳಿಯದ, ದಪ್ಪ ಅಟ್ಟೆಯ ಒಂದು ಜೊತೆ ಬೂಟು, ಉಣ್ಣೆಯ ಕಾಲುಚೀಲ ಹಾಕಿಕೊಂಡೂ ಬೆರಳು ಆಡುವಷ್ಟು ಸಡಿಲ. ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲುಚೀಲ ಮೂರು ಹಾಕಿದರೂ ಬೆರಳು ಮರಗಟ್ಟುತ್ತದೆ. ನಾಲ್ಕು ಜಾಕೆಟ್ಟು ಕೊಂಡು ಬೆಳಗಿನ ವಾಕಿಂಗಿನ ಬಟ್ಟೆ ಶೂನಲ್ಲಿ ಬಂದವರನ್ನು ಆ ಹಡಗಿನಲ್ಲಿ ನೋಡಿದೆ. ಮೂರನೇ ದಿನಕ್ಕೆ ಅವರು ಸಂತೆಗೆ ಇಳಿಯುವುದನ್ನೇ ಬಿಟ್ಟರು.

ಇಲ್ಲಿ ಹೆಣ್ಣುಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ, ಅದು ನ್ಯಾಯವಾದದ್ದು. ಈ ಪಟ್ಟಿಗಳೆಲ್ಲ ಪ್ಯಾಂಟು ಹಾಕುವವರಿಗೆ ಬರೆದವು. ಐವತ್ತು ವರ್ಷ ಸೀರೆ ಉಟ್ಟವಳು ಏನು ಮಾಡಬೇಕು? ಅಮ್ಮ ಸೀರೆ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಪಾಸೌನ ಎರಡು ವರ್ಷದ ನಂತರ ಚಿಕ್ಕಮ್ಮನ ಜೊತೆ ರೈನ್ ನದಿಯ ಮೇಲೆ ಬಾಸೆಲ್‌ನಿಂದ ಕಲೋನ್‌ವರೆಗೆ ಹೋದಳು. ಒಂದೇ ಪೆಟ್ಟಿಗೆ, ಒಂಬತ್ತು ಕಿಲೋ. ಲಂಗದ ಒಳಗೆ ಉಣ್ಣೆಯ ಲೆಗಿಂಗ್ಸ್, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ, ರವಿಕೆಯ ಕೆಳಗೆ ತೋಳುದ್ದದ ಉಣ್ಣೆಯ ಒಳಅಂಗಿ. ಸೀರೆ ಮೂರು, ಮೂರೂ ಹಗುರ. ಅಂಚು ಒದ್ದೆ ಕಲ್ಲಿಗೆ ತಾಗದಂತೆ ನಾಲ್ಕು ಬೆರಳು ಮೇಲೆತ್ತಿ ಉಟ್ಟಳು. ಹತ್ತಿ ಸೀರೆ ಒಂದನ್ನೂ ಒಯ್ಯಲಿಲ್ಲ, ಅದರ ಅಂಚು ನೆನೆದರೆ ದಿನವಿಡೀ ಒಣಗುವುದಿಲ್ಲ. ಮೇಲೆ ಸ್ವೆಟರ್, ಕೋಟು, ಒಂದು ಶಾಲು, ಕಿವಿ ಮುಚ್ಚುವ ಟೋಪಿ. ರೂಡೆಸ್‌ಹೈಮ್ ದಾಟಿ ಕೊಬ್ಲೆನ್ಜ್‌ವರೆಗಿನ ಕಣಿವೆಯಲ್ಲಿ, ಎರಡೂ ಬದಿ ಗುಡ್ಡದ ಮೇಲೆ ಹಳೆಯ ಕೋಟೆಗಳು ಒಂದಾದ ಮೇಲೊಂದು ಬರುವಾಗ, ಹೆಚ್ಚಿನವರು ಗಾಜಿನ ಒಳಗೆ ಕೂತಿದ್ದರು. ಅವಳು ಮೇಲಿನ ಡೆಕ್ಕಿನಲ್ಲಿ ಎರಡು ಗಂಟೆ ಕೂತಿದ್ದಳು ಎಂದು ಚಿಕ್ಕಮ್ಮ ಹೇಳಿದಳು.

ವಯಸ್ಸಾದವರಿಗೆ ಚಳಿ ಹೆಚ್ಚು ಎಂಬುದು ಸುಳ್ಳಲ್ಲ. ಮೈಯ ಮಾಂಸ ಕಡಿಮೆಯಾಗಿರುತ್ತದೆ, ರಕ್ತದ ಓಟ ನಿಧಾನವಾಗಿರುತ್ತದೆ. ಆದರೆ ಅದೇ ಕಾರಣಕ್ಕೆ ಅವರಿಗೆ ಭಾರವೂ ಹೆಚ್ಚು. ಮಂಡಿ ಸವೆದವರ ಕೈಗೆ ಇಪ್ಪತ್ತಮೂರು ಕಿಲೋದ ಹಿಡಿ ಕೊಟ್ಟು ‘ನಿಮ್ಮ ಒಳ್ಳೆಯದಕ್ಕೇ’ ಅನ್ನುವ ಮಕ್ಕಳ ಮೇಲೆ ನನಗೆ ಸಿಟ್ಟಿದೆ. ಆ ಮಕ್ಕಳಲ್ಲಿ ನಾನೂ ಒಬ್ಬನಾಗಿದ್ದೆ.

ಒಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪೆಟ್ಟಿಗೆ ತುಂಬುವಾಗ ಮಾತ್ರ ಅದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅದು ಫೋಟೋ. ಎಲ್ಲ ಚಿತ್ರದಲ್ಲೂ ಒಂದೇ ಸ್ವೆಟರ್ ಕಂಡರೆ ನೆಂಟರು ಏನಂದಾರು? ನದಿಯ ಹಡಗಿನಲ್ಲಿ ಸಾಮಾನ್ಯವಾಗಿ ನೂರೆಂಬತ್ತು ಚಿಲ್ಲರೆ ಜನ, ಸಂಜೆ ಊಟಕ್ಕೆ ಇಸ್ತ್ರಿ ಮಾಡಿದ ಅಂಗಿ ಸಾಕು, ಕೋಟು ಟೈ ಕೇಳುವವರಿಲ್ಲ. ಮತ್ತೆ ಹೊರಗಿನ ಚಿತ್ರಗಳಲ್ಲಿ ಕಾಣುವುದು ಕೋಟು ಮಾತ್ರ. ಒಳಗೆ ದಿನಕ್ಕೊಂದು ಸ್ವೆಟರ್ ಬದಲಿಸಿದರೂ ರೆಗೆನ್ಸ್‌ಬರ್ಗ್‌ನ ಹನ್ನೆರಡನೇ ಶತಮಾನದ ಕಲ್ಲುಸೇತುವೆಯ ಮೇಲೆ ನಿಂತ ಚಿತ್ರದಲ್ಲಿ ಅದು ಕಾಣುವುದಿಲ್ಲ. ಬಣ್ಣದ ಎರಡು ಶಾಲಿದ್ದರೆ ಆ ಆಸೆಯೂ ತೀರುತ್ತದೆ.

ತಿಂಡಿಯ ವಿಷಯ ಬೇಗ ಮುಗಿಸುತ್ತೇನೆ. ಯೂರೋಪ್ ಒಕ್ಕೂಟದೊಳಕ್ಕೆ ಹೊರದೇಶದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಂದರೆ ಡಬ್ಬದ ತುಪ್ಪ ಇಲ್ಲ. ಹಸಿ ತರಕಾರಿ, ಸೊಪ್ಪು, ಹೆಚ್ಚಿನ ಹಣ್ಣುಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು, ಹಾಗಾಗಿ ಕರಿಬೇವೂ ಇಲ್ಲ. ದಿಢೀರ್ ಇಡ್ಲಿ, ಉಪ್ಪಿಟ್ಟಿನ ಪೊಟ್ಟಣ ಒಯ್ದವರು ಅದನ್ನು ಬೇಯಿಸುವುದು ಎಲ್ಲಿ? ಬೆಂಕಿಯ ಭಯಕ್ಕೆ ಬಹುತೇಕ ಹಡಗುಗಳಲ್ಲಿ ಕ್ಯಾಬಿನ್ನಿನೊಳಗೆ ನಮ್ಮ ಕೆಟಲ್ಲು, ಇಸ್ತ್ರಿಪೆಟ್ಟಿಗೆ ಹಚ್ಚಲು ಬಿಡುವುದಿಲ್ಲ. ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದರೆ ಅಡುಗೆಯವರು ನೋಡಿಕೊಳ್ಳುತ್ತಾರೆ. ಕಾಲು ಕಿಲೋ ಚಟ್ನಿಪುಡಿ ಒಯ್ಯಿರಿ, ನಾನೂ ಒಯ್ಯುತ್ತೇನೆ. ಅದಿಲ್ಲದೆ ಅವರ ಬೇಯಿಸಿದ ಆಲೂಗಡ್ಡೆ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಭಾರವಾದರೇನು, ನಾವು ಎತ್ತಬೇಕಾ?’ ಎಂದು ಕೇಳುವವರಿದ್ದಾರೆ. ಟಿಕೆಟ್ಟಿನ ದುಡ್ಡಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸವೂ ಸೇರಿದೆ ಎಂಬುದು ಅವರ ವಾದ. ಸೇರಿದೆ, ನಿಜ. ನಾವು ಎತ್ತುವುದಿಲ್ಲ, ಇನ್ನೊಬ್ಬರು ಎತ್ತುತ್ತಾರೆ. ಲೆಕ್ಕ ಹಾಕಿ ನೋಡಿ: 180 ಜನ, ತಲಾ ಎರಡು ಪೆಟ್ಟಿಗೆ, ಒಂದೊಂದು ಇಪ್ಪತ್ತು ಕಿಲೋ ಎಂದಿಟ್ಟುಕೊಂಡರೂ 7,200 ಕಿಲೋ. ಹಡಗಿನಲ್ಲಿ ಕಡಿದಾದ ಮೆಟ್ಟಿಲು, ಒಬ್ಬರೇ ಹೋಗುವಷ್ಟು ಅಗಲದ ಓಣಿ. ವಿಯೆನ್ನಾ, ಬುಡಾಪೆಸ್ಟ್, ಕಲೋನ್‌ನಂಥ ಊರುಗಳ ದಡದಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕಕ್ಕೆ ಒಂದು, ಎರಡು ಮೂರು ಕಟ್ಟುತ್ತಾರೆ. ಹೊರಗಿನ ಹಡಗಿನ ಪೆಟ್ಟಿಗೆ ದಡ ಸೇರಬೇಕಾದರೆ ನಡುವಿನ ಹಡಗುಗಳನ್ನು ಹಾದು, ಒದ್ದೆ ಕಬ್ಬಿಣದ ಹಲಗೆ ದಾಟಬೇಕು. ನದಿ ಏರಿದ ದಿನ ಆ ಹಲಗೆ ಇಳಿಜಾರಾಗಿರುತ್ತದೆ.

ಪಾಸೌನಲ್ಲಿ ಲಾಡಿ ಸುತ್ತಿದ ನಮ್ಮ ಪೆಟ್ಟಿಗೆಯನ್ನು ಎತ್ತಿದವನು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಹಿಡಿಯಿಂದ ಎತ್ತಿದರೆ ಜಿಪ್ಪು ಪೂರ್ತಿ ಬಿಚ್ಚೀತೆಂದು ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ತೋಳಿನಲ್ಲಿ ಅವುಚಿಕೊಂಡು, ಗಲ್ಲವನ್ನು ಅದರ ಅಂಚಿಗೆ ಒತ್ತಿ ಹಿಡಿದು, ಹಿಂದೆ ಹಿಂದೆ ನಡೆಯುತ್ತ ಹಲಗೆ ದಾಟಿದ. ಬಲ ಮಣಿಕಟ್ಟಿಗೆ ಚರ್ಮದ ಬಣ್ಣದ ಪಟ್ಟಿ ಸುತ್ತಿತ್ತು. ಜಿನುಗುಮಳೆಗೆ ಅವನ ಅಂಗಿ ಭುಜದ ಮೇಲೆ ಅಂಟಿಕೊಂಡಿತ್ತು. ಅವನು ಹೊತ್ತದ್ದು ನಾವು ಹಾಕದೆ ವಾಪಸು ತಂದ ಏಳು ಉಡುಪುಗಳಿದ್ದ ಪೆಟ್ಟಿಗೆ. ಆ ದಿನದಿಂದ ‘ಹೇಗೂ ಅವರು ಎತ್ತುತ್ತಾರೆ’ ಎಂಬ ಮಾತು ಯಾರು ಆಡಿದರೂ ನನಗೆ ಆ ಮಣಿಕಟ್ಟು ಕಾಣುತ್ತದೆ.

ಎದುರುಬದಿಯ ಅತಿರೇಕಕ್ಕೂ ನಾನು ವಕೀಲನಲ್ಲ. ಕೈಚೀಲದಲ್ಲೇ ಎಲ್ಲ ಮುಗಿಸಿದೆ ಎಂದು ಹೆಮ್ಮೆ ಪಡಲು ರಕ್ತದೊತ್ತಡದ ಮಾತ್ರೆಯನ್ನು ಎಣಿಸಿ ಒಯ್ಯುವವರಿದ್ದಾರೆ. ಮಾತ್ರೆ ಒಂದು ವಾರಕ್ಕಾಗುವಷ್ಟು ಹೆಚ್ಚೇ ಇರಲಿ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿ. ಕನ್ನಡಕ ಇನ್ನೊಂದು ಬೇಕು. ಬುಡಾಪೆಸ್ಟ್‌ಗೆ ಹೋಗುವವರು ಚಳಿಗಾಲವೆಂದು ಈಜುಡುಗೆ ಬಿಟ್ಟು ಹೋಗಬಾರದು. 1913ರಲ್ಲಿ ತೆರೆದ ಸೆಚೆನಿ ಸ್ನಾನಗೃಹದ ಬಯಲು ಕೊಳದಲ್ಲಿ, ಸೊನ್ನೆ ಡಿಗ್ರಿಯ ಗಾಳಿಯಲ್ಲಿ, ನೆಲದಿಂದ ಬಂದ ಬಿಸಿನೀರಿನೊಳಗೆ ಕುತ್ತಿಗೆಯವರೆಗೆ ಮುಳುಗಿ ಕೂರುವ ಸುಖಕ್ಕೆ ಬೇಕಾದ್ದು ಇನ್ನೂರು ಗ್ರಾಮಿನ ಒಂದು ಬಟ್ಟೆ. ಐದು ಕಿಲೋ ಜಾಕೆಟ್ಟಿಗೆ ಜಾಗ ಮಾಡಲು ಇದನ್ನು ತೆಗೆದಿಟ್ಟವರು ನಮ್ಮ ಹಡಗಿನಲ್ಲೇ ಇದ್ದರು.

ಈ ನದಿಗಳ ಚಳಿಗಾಲವನ್ನು ಪೂರ್ತಿ ಅನುಭವಿಸಿದ ಒಬ್ಬರಿದ್ದರು. 1933ರ ಡಿಸೆಂಬರಿನಲ್ಲಿ ಹದಿನೆಂಟು ವರ್ಷದ ಪ್ಯಾಟ್ರಿಕ್ ಲೀ ಫರ್ಮರ್ ಲಂಡನ್ನಿನಿಂದ ಹೊರಟು, ಹಾಲೆಂಡಿನ ಕರಾವಳಿಯಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ ನಡೆದರು. ಮೊದಲು ರೈನ್ ದಡದ ಮೇಲೆ, ಆಮೇಲೆ ಡ್ಯಾನ್ಯೂಬ್ ದಡದ ಮೇಲೆ, ಹಿಮ ತುಳಿಯುತ್ತ. ಬೆನ್ನಿಗೆ ಒಂದು ಹಳೆಯ ಚೀಲ, ಮೈಮೇಲೆ ಸೈನ್ಯದ ಒಂದು ಕೋಟು, ಕಾಲಿಗೆ ಮೊಳೆ ಹೊಡೆದ ಬೂಟು. ಮ್ಯೂನಿಕ್‌ನ ತಂಗುದಾಣದಲ್ಲಿ ಆ ಚೀಲವೂ ಕಳುವಾಯಿತು, ಪಾಸ್‌ಪೋರ್ಟಿನ ಸಮೇತ. ನಡೆಯುವುದನ್ನು ಅವರು ನಿಲ್ಲಿಸಲಿಲ್ಲ. ನಲವತ್ತು ವರ್ಷದ ಮೇಲೆ, 1977ರಲ್ಲಿ, ಆ ದಾರಿಯ ಮೊದಲ ಭಾಗವನ್ನು ‘ಎ ಟೈಮ್ ಆಫ್ ಗಿಫ್ಟ್ಸ್’ ಎಂಬ ಪುಸ್ತಕವಾಗಿ ಬರೆದರು. ಎಪ್ಪತ್ತರವರಿಗೆ ಹದಿನೆಂಟರವರ ಮಾದರಿ ಹೇಳುತ್ತಿಲ್ಲ. ಅವರು ನಡೆದದ್ದು ಬಯಲಿನಲ್ಲಿ. ನಾವು ಇರುವುದು ಬಿಸಿಗಾಳಿಯ ಹಡಗಿನಲ್ಲಿ, ಮೂರು ಹೊತ್ತು ಬಿಸಿ ಊಟದೊಂದಿಗೆ. ಅದೇ ನದಿ, ಅದೇ ಡಿಸೆಂಬರ್.

ಎದುರುಮನೆಯ ಮೇಷ್ಟ್ರು ಮತ್ತು ಅವರ ಮನೆಯವರು ಈ ಡಿಸೆಂಬರಿನಲ್ಲಿ ಡ್ಯಾನ್ಯೂಬ್‌ಗೆ ಹೊರಟಿದ್ದಾರೆ. ಪಟ್ಟಿ ನೋಡಿಕೊಡು ಎಂದು ಕರೆದರು. ನಾನು ಹೋದೆ, ಅಮ್ಮನೂ ಬಂದಳು. ದಿವಾನದ ಮೇಲೆ ಅದೇ ರಾಶಿ. ಎರಡು ಗಂಟೆ ಕೂತು ಒಂದು ಪೆಟ್ಟಿಗೆಯನ್ನು ಖಾಲಿ ಮಾಡಿಸಿದೆ. ಇನ್ನೊಂದರ ಹತ್ತಿರ ಬಂದಾಗ ಮೇಷ್ಟ್ರು ‘ಇದೊಂದು ಇರಲಿ ಕಣಪ್ಪ’ ಎಂದು ದಪ್ಪ ಜಾಕೆಟ್ಟಿನ ಮೇಲೆ ಕೈಯಿಟ್ಟರು. ಅಮ್ಮ ಜಾಕೆಟ್ಟಿನ ಮಾತೆತ್ತಲಿಲ್ಲ. ‘ಮೇಷ್ಟ್ರೇ, ಪಾಸೌ ಅಂತ ಒಂದು ಊರು ಬರತ್ತೆ. ಅಲ್ಲಿ ಮೂರು ನದಿ ಸೇರೋ ಜಾಗ ಇದೆ. ಬೆಳಿಗ್ಗೆ ಬೇಗ ಎದ್ದು ಇಬ್ಬರೂ ಹೋಗಿಬನ್ನಿ’ ಅಂದಳು. ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು. ಜಾಕೆಟ್ಟಿನ ಮೇಲಿನ ಕೈ ತೆಗೆಯಲಿಲ್ಲ. ಅವರು ಹೊರಡಲು ಇನ್ನೂ ಒಂಬತ್ತು ದಿನವಿದೆ. ನಾಳೆ ಸಂಜೆ ತೂಕದ ಕೊಕ್ಕೆ ತೆಗೆದುಕೊಂಡು ಮತ್ತೆ ಹೋಗುತ್ತೇನೆ.